ಸೀಮೆಸುಣ್ಣದ ಗೆರೆ

ಪುರಾಣದ ಹೊತ್ತಿಗೆಯನ್ನೂ ಬಳ್ಳಾರಿಯ ಹತ್ತಿಪೇಟೆಯ ತಕ್ಕಡಿಗೆ ಹಾಕಿ ತೂಗಿದ ಗಂಡಸನ್ನು ಚನ್ನವೀರಮ್ಮ ಮನುಷ್ಯನೆಂದು ಹೇಗೆ ಎಣಿಸಬೇಕು?

"ಹದಿನೆಂಟು ಸೇರು," ಎಂದ ಡ್ರೈವರ್ ಜಡೆಪ್ಪ.

"ಅದರಾಗ ಶಿವ ಅದಾನ. ಅವನ್ನೂ ಸೇರಿಸಿ ಹೇಳ್ರಿ."

"ಅವ ಹಗುರ ಅದಾನ್ರಿ. ನಿಮ್ಮ ಬೀಸುಕಲ್ಲು ಭಾರ. ಬಿಟ್ಟು ಬರ್ರಿ."

ಅವಳು ತುಟಿ ಕೊಂಕಿಸಿದಳು. ಅಗಲ ಕಿವಿ, ಎಣ್ಣೆಗೈ, ಇವನಿಗೇನು ಗೊತ್ತು?

ಅವಳಪ್ಪ ಗಾದಿಲಿಂಗಪ್ಪ ಊರೂರಿಗೆ ಹೋಗಿ ಪುರಾಣ ಹೇಳುವವರು. ಮಹಾಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಬಂದ ಮಿಲಿಟರಿ ಲಾರಿಯೊಂದನ್ನು ಭಕ್ತರು ಕೊಡಿಸಿದ್ದರು. ಒಳಗೆ ಎರಡು ಮಂಚ, ಒಲೆ, ನೀರಿನ ಪೀಪಾಯಿ, ಅದೇ ಮನೆ. ಬೀಸುಕಲ್ಲು ತೀರಿಹೋದ ಅವ್ವನದು. ಅದರ ಮುಂದೆ ಕೂತೇ ಅವ್ವ ಅವಳಿಗೆ ಹಾಡು ಕಲಿಸಿದ್ದಳು. ಬಿಡುವುದುಂಟೇ?

ಹಿಂದೆ ಮುಂದೆ ಭಾರ ಸಮನಾಗಿರಲೆಂದು, ತೂಕ ನೋಡಿ ಯಾವ ಸಾಮಾನು ಎಲ್ಲಿಡಬೇಕೆಂದು ಜಡೆಪ್ಪ ಲಾರಿಯೊಳಗೆ ಸೀಮೆಸುಣ್ಣದ ಗೆರೆ ಎಳೆದಿದ್ದ. ಹೊರಡುವ ದಿನ ಬೆಳಿಗ್ಗೆ ಅವನು ಪೆಟ್ರೋಲು ತರಲು ಹೋದಾಗ ಅವಳು ಎಂದಿನಂತೆ ನೆಲ ತೊಳೆದು, ಗೆರೆಗಳಿದ್ದಲ್ಲೇ ರಂಗೋಲಿ ಬಿಟ್ಟಳು. ನೆರೆಯ ಓಬಣ್ಣನನ್ನು ಕರೆದು ಜೋಳದ ಚೀಲ, ಪೀಪಾಯಿ, ಟ್ರಂಕುಗಳನ್ನೆಲ್ಲ ಕೈಗೆ ಸಿಗಲೆಂದು ಹಿಂಬಾಗಿಲ ಬಳಿ ಪೇರಿಸಿ, ಕಲ್ಲನ್ನು ಅಲ್ಲೇ ಹಾಸಿಗೆಯಡಿ ಅಡಗಿಸಿದಳು.

ಹೊತ್ತಾಯಿತೆಂದು ಜಡೆಪ್ಪ ಒಳಗೆ ನೋಡದೆ ಲಾರಿ ಹೊರಡಿಸಿದ. ಕುರುಗೋಡಿನ ಏರಿನಲ್ಲಿ ಹಿಂದಿನ ಭಾರಕ್ಕೆ ಲಾರಿಯ ಮೂತಿ ಹಗುರಾಯಿತು. ಸ್ಟೇರಿಂಗ್ ತಿರುಗಿಸಿದರೂ ಮುಂದಿನ ಚಕ್ರ ನೆಲ ಕಚ್ಚಲಿಲ್ಲ. ಓರೆಯಾಗಿ ಜಾರಿ ಬೇವಿನ ಮರಕ್ಕೆ ಒರಗಿ ನಿಂತಿತು. ಹಿಂದೆ ಅವಳ ಜೊತೆ ಮಂಚದ ಮೇಲೆ ಕೂತಿದ್ದ ಗಾದಿಲಿಂಗಪ್ಪ "ಶಿವ ಶಿವಾ" ಎಂದರು. ಕೆಳಗೆ ಹಳ್ಳ. ಸಂಜೆ ಸಿರುಗುಪ್ಪದಲ್ಲಿ ಶ್ರಾವಣದ ಪುರಾಣ ಶುರುವಾಗಬೇಕಿತ್ತು.

ಜಡೆಪ್ಪ ಹಾಸಿಗೆ ಎತ್ತಿದ. ಕಲ್ಲು ಕಂಡಿತು. ಅವನ ಬೈಗಳಿಗೆ ಅವಳು ಉತ್ತರ ಮಸೆದುಕೊಂಡಳು. ಬೈಗಳೇ ಬರಲಿಲ್ಲ. ಚೀಲ, ಪೀಪಾಯಿಗಳನ್ನು ಮುಂದಕ್ಕೆ ಸಾಗಿಸಿದ. ತನ್ನ ಟ್ರಂಕು, ಹಾಸಿಗೆಯನ್ನು ಹೊತ್ತು ಹೋಗಿ ಊರ ಮಠದಲ್ಲಿ ಬಿಟ್ಟುಬಂದ. ಕಲ್ಲನ್ನು ತನ್ನ ಸೀಟಿನ ಹಿಂದೆ ಹಗ್ಗದಿಂದ ಬಿಗಿದ.

"ನಿಮ್ಮ ಹಾಸಿಗಿ?"

"ಸಿರುಗುಪ್ಪದಾಗ ನೆಲ ಐತಲ್ರಿ."

"ಕಲ್ಲು ಯಾಕ ಒಗೀಲಿಲ್ಲ?"

ಅವನು ಹಗ್ಗದ ಗಂಟನ್ನೇ ನೋಡಿದ. "ದಿನಾ ಮುಂಜಾನಿ ನೀವು ಬೀಸೋವಾಗ ಹಾಡೋದು ಕೇಳೀನ್ರಿ."

ಅವಳಿಗೆ ರೇಗಿತು. ಹೀನಾಯವಾಗಿ ಕಾಣಲು ಇವನು ಏನನ್ನೂ ಉಳಿಸಿರಲಿಲ್ಲ, ಆ ಕಿವಿಗಳ ಹೊರತು. ಅವೂ ಈಗ ಕೆಂಪಾಗಿದ್ದವು.

"ಮುಂದ ಇನ್ನೊಂದೀಟು ಭಾರ ಬೇಕಾಗಿತ್ತು," ಎಂದ, ಏರು ನೋಡುತ್ತ.

ಡ್ರೈವರನ ಪಕ್ಕ ಕೂರಲು ಮೂಗು ಮುರಿಯುತ್ತಿದ್ದವಳು ಸೆರಗು ಬಿಗಿದು ಮುಂದಿನ ಸೀಟಿಗೆ ಹತ್ತಿದಳು.

"ನಿಮ್ಮ ತೂಕ?"

"ಲಗ್ನ ಆಗೋನಿಗಷ್ಟೇ ಹೇಳ್ತೀನಿ."

ಗೇರು ಕರಕರ ಎಂದಿತು. "ಹಂಗಾರ... ಸಿರುಗುಪ್ಪದಾಗ ಅಪ್ಪೋರನ್ನ ಕೇಳ್ತೀನ್ರಿ."

"ಕೇಳ್ರಿ. ಪುರಾಣದ ಹೊತ್ತಿಗಿ ಇನ್ನೊಮ್ಮೆ ತೂಗಿದ್ರ ಮಾತ್ರ ನೋಡ್ರಿ!"

ಲಾರಿ ಏರು ಹಿಡಿಯಿತು. ಹಿಂದಿನಿಂದ ಗಾದಿಲಿಂಗಪ್ಪನವರ ದನಿ ಬಂತು: "ಒಪ್ಪೀನಿ. ಈಗ ರಸ್ತಾ ನೋಡ್ಲೇ, ಜಡೆಪ್ಪ!"