ಹೊಸ ಡಬ್ಬದ ಹಳೇ ತುಕ್ಕು

“ಇದೇ ಡಬ್ಬ ಕಣಪ್ಪಾ, ಇದೇ. ನಾನು ಇಷ್ಟುದ್ದ ಇದ್ದಾಗ ನಮ್ಮನೇಲಿತ್ತು.”

ಅಜ್ಜಿ ಅಂಗಡಿಯವನ ಕೈಯಿಂದ ಬಿಸ್ಕೆಟ್ ಡಬ್ಬ ಕಸಿದುಕೊಂಡೇಬಿಟ್ಟಳು.

ಗುಬ್ಬಿ ಕತ್ತು ಚಾಚಿ ನೋಡಿದಳು. ಡಬ್ಬದ ಮೇಲೆ ಎರಡು ಜಡೆಯ ಹುಡುಗಿ, ಕೈಯಲ್ಲಿ ಛತ್ರಿ. ಮೂಲೆಯಲ್ಲಿ ಒಂದಿಷ್ಟು ತುಕ್ಕು. ಆ ಹುಡುಗಿ ಗುಬ್ಬಿಯೇ.

ಬಿಸ್ಕೆಟ್ ಕಂಪನಿಯ ಡಬ್ಬ, ಪ್ಯಾಕೆಟ್‌ಗಳಿಗೆ ಚಿತ್ರ ಬರೆಯುವುದು ಅಮ್ಮನ ಕೆಲಸ. ರಜೆಯಲ್ಲಿ, ಅಜ್ಜಿ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ, ಅಮ್ಮ ಗುಬ್ಬಿಯನ್ನು ಸ್ಟೂಲ್ ಮೇಲೆ ನಿಲ್ಲಿಸಿ ಕೈಗೆ ಪೊರಕೆ ಕೊಟ್ಟಿದ್ದಳು. “ಇದೇ ಛತ್ರಿ ಅಂದ್ಕೋ. ಅಲ್ಲಾಡಬೇಡ.” ಚಿತ್ರ ಮುಗಿದ ಮೇಲೆ ಕಂಪ್ಯೂಟರಿನಲ್ಲೇ ತುಕ್ಕಿನ ಕಲೆಯನ್ನೂ ಬರೆದಳು.

“ಹೊಸ ಡಬ್ಬಕ್ಕೆ ತುಕ್ಕು ಯಾಕಮ್ಮಾ?”

“ಹಳೇದು ಅಂದ್ರೆ ಜನಕ್ಕೆ ಪ್ರೀತಿ ಕಣೇ. ಡಬ್ಬದ ಮುಖ ನೋಡಿ ಬಿಸ್ಕೆಟ್ ತಗೋತಾರೆ.”

ಡಬ್ಬ ಅಂಗಡಿಗೆ ಬಂದ ದಿನ ಊರಿಗೆಲ್ಲ ಡಂಗುರ ಸಾರಬೇಕೆಂದು ಗುಬ್ಬಿ ಕಾದಿದ್ದಳು. ಮೊದಲು ಅಜ್ಜಿಗೇ ಹೇಳಬೇಕು.

ಮನೆಗೆ ಬಂದು ಅಜ್ಜಿ ಮುಚ್ಚಳ ತೆಗೆದಳು. ಒಳಗಿದ್ದದ್ದು ದಿನಾ ತರುವ ಪ್ಲಾಸ್ಟಿಕ್ ಪ್ಯಾಕೆಟ್ಟೇ. ನಿನ್ನೆ ಇದೇ ಬಿಸ್ಕೆಟ್ ಕೊಟ್ಟಾಗ “ಮರದ ಪುಡಿ” ಎಂದು ಅಜ್ಜಿ ತಟ್ಟೆ ದೂಡಿದ್ದಳು. ಇವತ್ತು ಕಣ್ಣು ಮುಚ್ಚಿ ಚಪ್ಪರಿಸಿದಳು.

“ಬಿಸ್ಕೆಟ್ ಅಂದ್ರೆ ಇದು.”

“ಅಜ್ಜೀ, ಇದು ನಿನ್ನೆದೇ...”

“ಸುಮ್ನಿರೇ. ನನ್ನ ನಾಲಿಗೆಗೆ ಗೊತ್ತಿಲ್ವಾ?”

ಗುಬ್ಬಿಗೆ ನಗು ಉಕ್ಕಿತು. “ಸರಿ, ಈ ಹುಡುಗಿ ಯಾರು ಹೇಳು ನೋಡೋಣ.”

“ನಮ್ಮಕ್ಕ ಹೀಗೇ ಇದ್ಲು,” ಎಂದಳು ಅಜ್ಜಿ. “ಇದೇ ಮೂಗು, ಇದೇ ಜಡೆ. ಅವಳು ತೀರ್ಕೊಂಡ್ಮೇಲೆ ನಾನು ಡಬ್ಬಾನ ದಿಂಬಿನ ಪಕ್ಕ ಇಟ್ಕೊಂಡು ಮಲಗ್ತಿದ್ದೆ. ಈ ತುಕ್ಕೂ ಹಾಗೇ ಇದೆ ನೋಡು.”

ಅಜ್ಜಿಯ ಹೆಬ್ಬೆರಳು ಚಿತ್ರದ ಜಡೆಯನ್ನು ಮೆಲ್ಲಗೆ ಸವರುತ್ತಿತ್ತು.

ಗುಬ್ಬಿ ತನ್ನ ಎರಡು ಜಡೆಗಳನ್ನೂ ಬೆನ್ನ ಹಿಂದಕ್ಕೆ ಹಾಕಿಕೊಂಡಳು.

“ಅವ್ರಿಗೂ ಬಿಸ್ಕೆಟ್ ಇಷ್ಟ ಇತ್ತಾ ಅಜ್ಜಿ?”

“ಇಷ್ಟಾನಾ? ಕಳ್ಳಿ ಅವಳು. ನನ್ನ ಪಾಲಿಂದೂ ಎತ್ಕೊಂಡು ಓಡೋಳು.” ಅಜ್ಜಿ ನಕ್ಕಳು. ಗುಬ್ಬಿ ಅಜ್ಜಿಯ ತಟ್ಟೆಯಿಂದ ಒಂದು ಬಿಸ್ಕೆಟ್ ಎಗರಿಸಿ ಬಾಯಿಗೆ ಹಾಕಿಕೊಂಡಳು.

ಕೆಲಸದಿಂದ ಬಂದ ಅಮ್ಮ ಡಬ್ಬ ನೋಡಿ ಬಾಗಿಲಲ್ಲೇ ನಿಂತಳು. “ಹೇಳಿಬಿಟ್ಯಾ?” ಎಂದು ಪಿಸುಗುಟ್ಟಿದಳು.

ಗುಬ್ಬಿ ತುಟಿಯ ಮೇಲೆ ಬೆರಳಿಟ್ಟಳು.

“ಶ್! ದೊಡ್ಡಜ್ಜಿ ಕತೆ ನಡೀತಿದೆ.”