ನಾಮಿನಿ ಖಾನೆಯಲ್ಲಿ ಹೇಮಾ

"ಅವ್ವೆ, ನಾಮಿನಿ ಅಂದ್ರೆ ಯಾರು?"

ಅಭಿನಯಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ ಕೇಳಿದಳು. ಅವಳ ತಾಯಿ ಈಶ್ವರಿ ಬಾಗಿಲಲ್ಲಿ ನಿಂತು ಒದ್ದೆ ಬೂಟು ಕಳಚುತ್ತಿದ್ದಳು.

"ನಮಗೇನಾದ್ರೂ ಆದ್ರೆ ನಮ್ಮ ದುಡ್ಡು ಯಾರಿಗೆ ಸೇರಬೇಕೋ ಅವ್ರು. ನಮ್ಮೋರು."

ನೀಲಗಿರಿಯ ಎಮರಾಲ್ಡ್ ಊರಿನ ಹತ್ತಿರ ಈಶ್ವರಿಗೆ ಕ್ಯಾರೆಟ್ ತೊಳೆಯುವ ಪುಟ್ಟ ಶೆಡ್ ಇತ್ತು. ಒಂದು ಮೆಷಿನ್, ಕೆಲಸಕ್ಕೆ ಮೂರೇ ಜನ. ಇಷ್ಟು ದಿನ ಶನಿವಾರ ಸಂಜೆ ಕೂಲಿ ಕೈಗಿಟ್ಟರೆ ಮುಗಿಯುತ್ತಿತ್ತು. ಮುಂದಿನ ತಿಂಗಳಿಂದ ಹಾಗಲ್ಲ. ಬ್ಯಾಂಕಿಗೇ ತಿಂಗಳ ಸಂಬಳ, ಪಿಎಫ್, ಎಲ್ಲ ಲೆಕ್ಕಪ್ರಕಾರ. ಊಟಿಯ ಆಡಿಟರ್ ಧರ್ಮಲಿಂಗಂ ಅದಕ್ಕೊಂದು ಫಾರಂ ಕಳಿಸಿದ್ದರು. ಈಶ್ವರಿಗೆ ಟೈಪಿಂಗ್ ನಿಧಾನ. ಅಭಿನಯಾ ಐದನೇ ಕ್ಲಾಸು. ಅವಳ ಬೆರಳು ಬಲು ಚುರುಕು.

ಕೆಲಸದವರಲ್ಲಿ ಮೊದಲು ನಾಗಣ್ಣನ ಸಾಲು ತುಂಬಿತು. ನಾಮಿನಿ, ಹೆಂಡತಿ. ಕಲೈಸೆಲ್ವಿ ಅಕ್ಕನ ನಾಮಿನಿ, ಮಗ. ಮಹಾಲಿಂಗಮ್ಮನ ಸಾಲಿನಲ್ಲಿ ಮಾತ್ರ ಆ ಖಾನೆ ಖಾಲಿ. ಅವಳು ಆಗಲೇ ಮನೆಗೆ ಹೋಗಿಬಿಟ್ಟಿದ್ದಳು.

ಕೇಳುವುದೇನಿದೆ, ನನಗೇ ಗೊತ್ತಲ್ಲ, ಎಂದುಕೊಂಡಳು ಅಭಿನಯಾ.

ಮಹಾಲಿಂಗಮ್ಮನನ್ನು ಅವಳು ಸ್ವಂತ ಅಜ್ಜಿಯಂತೆ ಹೆತ್ತೆ ಎಂದೇ ಕರೆಯುತ್ತಿದ್ದಳು. ಕ್ಯಾರೆಟ್ ಆರಿಸುವಾಗ ಹೆತ್ತೆ ಎಳೆಯದೊಂದನ್ನು ತೆಗೆದು ಅವಳ ಕೈಗಿಡುವಳು. "ನಮ್ಮ ಹೇಮಾಗೂ ಎಳೇದೇ ಬೇಕು. ದೊಡ್ಡದು ಕೊಟ್ರೆ ಮುಟ್ಟೋಲ್ಲ." ಜಡೆ ಹಾಕುವಾಗ ಹೇಳುವಳು, "ನಮ್ಮ ಹೇಮಾ ಒಂದು ಕಡೆ ಕೂರೋಲ್ಲ, ಎದ್ದು ಓಡ್ತಾಳೆ." ಮಗಳು ಎಲ್ಲೋ ದೂರದ ಹಾಸ್ಟೆಲಿನಲ್ಲಿರಬೇಕು ಎಂದು ಅಭಿನಯಾ ತಾನೇ ಊಹಿಸಿಕೊಂಡಿದ್ದಳು.

ಹೆಸರು: ಹೇಮಾ. ಸಂಬಂಧ: ಮಗಳು. ಫಾರಂ ಹೋಯಿತು.

ಮರುದಿನ ಶನಿವಾರ. ಆಡಿಟರ್ ಮೆಸೇಜ್ ಬಂತು, ಫಾರಂ ಪೂರ್ತಿ ಮಾಡಿ ಸಂಜೆ ಐದರೊಳಗೆ ಮತ್ತೆ ಕಳಿಸಬೇಕಂತೆ. ಅಭಿನಯಾ ಲ್ಯಾಪ್‌ಟಾಪ್ ಅಪ್ಪಿಕೊಂಡು ಶೆಡ್ಡಿಗೆ ಓಡಿದಳು. ಮೆಷಿನ್ ಸದ್ದಿನಲ್ಲಿ ಕೇಳಿಸಲೆಂದು ಜೋರಾಗಿಯೇ ಹೇಳಿದಳು.

"ಹೆತ್ತೆ, ಹೇಮಾ ಅಕ್ಕನ ಆಧಾರ್ ನಂಬರ್ ಬೇಕಂತೆ. ಫೋನ್ ಮಾಡಿ ಕೇಳ್ತೀಯಾ?"

ಕಲೈಸೆಲ್ವಿಯ ಕೈ ನಿಂತಿತು. ನಾಗಣ್ಣ ಮೆಷಿನ್ ಆಫ್ ಮಾಡಿದ.

"ಯಾರು ಕೇಳಿದ್ದು?" ಎಂದಳು ಮಹಾಲಿಂಗಮ್ಮ.

"ಆಡಿಟರ್ ಸಾರ್. ನಿನ್ನ ನಾಮಿನಿ ಅಂತ ನಾನೇ ಹಾಕ್ದೆ."

ಮಹಾಲಿಂಗಮ್ಮ ಕೈಯಲ್ಲಿದ್ದ ಕ್ಯಾರೆಟ್ಟನ್ನು ರಾಶಿಗೆ ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು, ಯಾರನ್ನೂ ನೋಡದೆ ಹೊರಗೆ ನಡೆದಳು.

"ಹೇಮಾ ಇಲ್ಲ ಕಂದಾ," ಎಂದಳು ಕಲೈಸೆಲ್ವಿ ಮೆಲ್ಲಗೆ. "ನಾಲ್ಕನೇ ಕ್ಲಾಸಲ್ಲಿ ಜ್ವರ ಬಂತು. ಊಟಿ ಆಸ್ಪತ್ರೆ ಮುಟ್ಟೋಕೂ ಆಗ್ಲಿಲ್ಲ. ನೀನು ಹುಟ್ಟೋಕೆ ಎಷ್ಟೋ ಮುಂಚೆ."

"ಮತ್ತೆ ಹೇಮಾ ತಿನ್ನೋಲ್ಲ, ಓಡ್ತಾಳೆ ಅಂತಾಳಲ್ಲ ಹೆತ್ತೆ?"

"ಅವ್ರು ಹಂಗೇ ಹೇಳೋದು. ನಾವ್ಯಾರೂ ತಿದ್ದೋಲ್ಲ."

ಮಧ್ಯಾಹ್ನ ಅಭಿನಯಾ ತಟ್ಟೆಯ ಅನ್ನವನ್ನು ಹಾಗೇ ಬಿಟ್ಟಳು. ಈಶ್ವರಿ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

"ಆ ಹೆಸರು ಅಳಿಸಿಬಿಡ್ಲಾ ಅವ್ವೆ?"

"ನನ್ನ ಕೇಳಬೇಡ. ಅದು ಅವ್ರ ಸಾಲು. ಅವ್ರನ್ನೇ ಕೇಳು."

ಮೂರು ಗಂಟೆಗೆ ಮಹಾಲಿಂಗಮ್ಮ ಮರಳಿ ಬಂದಳು. ಕಣ್ಣು ಊದಿಕೊಂಡಿತ್ತು. ಖಾಲಿ ಚೀಲಗಳ ಮೇಲೆ ಅಭಿನಯಾಳ ಪಕ್ಕ ಕುಳಿತಳು.

"ನಂಗೆ ಗೊತ್ತಿರ್ಲಿಲ್ಲ ಹೆತ್ತೆ."

"ನಾನೆಲ್ಲಿ ಹೇಳಿದ್ದೆ, ಗೊತ್ತಿರೋಕೆ?" ಲ್ಯಾಪ್‌ಟಾಪಿನತ್ತ ಬಗ್ಗಿ ಕೇಳಿದಳು, "ಏನಂತ ಬರ್ದಿದೀಯ? ಓದು."

"ಹೆಸರು, ಹೇಮಾ. ಸಂಬಂಧ, ಮಗಳು."

"ಇನ್ನೊಂದ್ಸಲ."

ಅಭಿನಯಾ ಇನ್ನೂ ನಿಧಾನವಾಗಿ ಓದಿದಳು.

"ಸ್ಕೂಲ್ ರಿಜಿಸ್ಟರಲ್ಲಿ ಹೆಸ್ರು ಹೊಡೆದು ಹಾಕಿದ್ರು. ಆಮೇಲೆ ರೇಷನ್ ಕಾರ್ಡಲ್ಲೂ. ಅದಾದ್ಮೇಲೆ ಯಾರೂ ಎಲ್ಲೂ ಅವಳ ಹೆಸ್ರು ಬರೀಲಿಲ್ಲ." ಮಹಾಲಿಂಗಮ್ಮ ಮೂಗು ಒರೆಸಿಕೊಂಡಳು. "ಸರಿ. ಸರವಣ ಅಂತ ಹಾಕು. ದೇವಾಲ ಊರಲ್ಲಿದ್ದಾನೆ, ನನ್ನ ತಂಗಿ ಮಗ. ಒಳ್ಳೇ ಹುಡುಗ."

"ಮೊದ್ಲು ಇದನ್ನ ಅಳಿಸ್ಬೇಕು, ಹೆತ್ತೆ."

"ಅಳಿಸು. ನಾನು ನೋಡ್ತೀನಿ."

ಅಭಿನಯಾ ಅಳಿಸುವ ಕೀ ಮೇಲೆ ಬೆರಳಿಟ್ಟಳು. ಒತ್ತಿ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಹೋಗುತ್ತದೆ. ಅವಳು ಒತ್ತಿ ಹಿಡಿಯಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಕೊನೆಯದು ಹೋಯಿತು. ಹೆತ್ತೆಯ ಮುಖ ನೋಡಿದಳು. ಹೆತ್ತೆ ಹೂಂ ಎಂಬಂತೆ ತಲೆ ಆಡಿಸಿದಳು. ಮತ್ತೊಂದು ಹೋಯಿತು. ಮತ್ತೊಂದು.

ಒಂದು ಅಕ್ಷರ ಉಳಿಯಿತು. ಈ ಸಲ ಹೆತ್ತೆ ತಲೆ ಆಡಿಸಲಿಲ್ಲ. ಓದಲು ಬಾರದ ಅವಳು ಆ ಒಂದು ಅಕ್ಷರವನ್ನೇ ನೋಡುತ್ತಿದ್ದಳು.

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಆಡಿಟರಿಗೆ ಐದು ಗಂಟೆಯೊಳಗೆ ಕಳಿಸಬೇಕಿತ್ತು. ಅಭಿನಯಾ ಕೀ ಮೇಲಿಂದ ಬೆರಳು ತೆಗೆದು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಾಯುತ್ತ ಕುಳಿತಳು.