ಕಳಚಿ ಬಿದ್ದ ಪ್ರೊಜೆಕ್ಟರ್

ಆ ಹೆಂಗಸು ಹೊಸ್ತಿಲು ದಾಟಲಿಲ್ಲ. "ಕೂತ್ರೆ ಅಳು ಬಂದುಬಿಡುತ್ತೆ ಸಾರ್, ನಿಂತೇ ಹೇಳ್ತೀನಿ," ಎಂದಳು. ಆಕೆಯ ಗಂಡ ಮನೆ ಸಾಮಾನು ಕಟ್ಟಿ ದೂರದ ಊರುಗಳಿಗೆ ಸಾಗಿಸುವ ತಂಡದ ಮೇಸ್ತ್ರಿ. ಹಿಂದಿನ ದಿನ ಮಧ್ಯಾಹ್ನ, ಅವನು ಕೆಲಸ ಹಿಡಿದಿದ್ದ ಮನೆಯಲ್ಲಿ, ಚಾವಣಿಗೆ ತೂಗುಹಾಕಿದ್ದ ಹಳೆಯ ಕಾಲದ ಪ್ರೊಜೆಕ್ಟರ್ ಕಳಚಿ ಬಿದ್ದು ಯಜಮಾನರು ಸತ್ತಿದ್ದರು. ಬೋಲ್ಟು ಸಡಿಲಿಸಿಟ್ಟು ಊಟಕ್ಕೆ ಎದ್ದುಹೋದನೆಂದು ಪೊಲೀಸರು ಮೇಸ್ತ್ರಿಯನ್ನು ಲಾಕಪ್ಪಿಗೆ ಹಾಕಿದ್ದರು.

"ಮಲಗಿರೋ ಮಗೂನ ಎತ್ತಿದ ಹಾಗೆ ಸಾಮಾನು ಎತ್ತೋರು ಸಾರ್ ಅವರು. ಈಗ ಬೀದೀಲಿ ನನ್ನನ್ನ ಕೊಲೆಗಾರನ ಹೆಂಡ್ತಿ ಅಂತಾರೆ. ಅವರು ಜೈಲಿಗೆ ಹೋದ್ರೆ ನಾನು ತಲೆ ಎತ್ತಿ ಓಡಾಡೋ ಹಾಗಿಲ್ಲ. ನೀವೇ ಏನಾದ್ರೂ ಮಾಡಿ."

ಅವಳು ಹೀಗೆ ಬೇಡಿಕೊಂಡದ್ದು ನಮ್ಮ ಭಾವನನ್ನು, ಅಂದರೆ ನನ್ನ ಅಕ್ಕನ ಗಂಡನನ್ನು. ಪತ್ತೇದಾರಿಕೆಯಲ್ಲಿ ಅವರದು ಊರಿಗೇ ಹೆಸರು. ಮನೆಯಲ್ಲಿ ಮಾತ್ರ ತಮ್ಮ ಚಪ್ಪಲಿ ಎಲ್ಲಿದೆಯೆಂದು ಅಕ್ಕನನ್ನೇ ಕೇಳಬೇಕು. ನಾನು ಅವರ ಜೊತೆಗಾರ, ಚೀಲ ಹೊರುವವ, ಬೈಸಿಕೊಳ್ಳುವವ. "ಕೈತಪ್ಪಿ ಆಗಿರತ್ತೆ ಭಾವ, ಇದರಲ್ಲಿ ಹುಡುಕೋಕೆ ಏನಿದೆ?" ಎಂದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಠಾಣೆಯಲ್ಲಿ ಮೇಸ್ತ್ರಿ ಕಂಬಿ ಹಿಡಿದು ನಿಂತಿದ್ದ. ಅಂಗೈ ತುಂಬ ಹಗ್ಗ ಉಜ್ಜಿದ ಗುರುತು.

"ನಾನು ಅದನ್ನ ಮುಟ್ಟೇ ಇಲ್ಲ ಸಾರ್. ಇಳಿಸೋಕೆ ನಾಲ್ಕು ಜನ ಬೇಕು. ಒಳಗೆ ಮೂರು ಗಾಜಿನ ಬುರುಡೆ, ಅದರ ಮುಂದೆ ಎಣ್ಣೆ ಥರದ ನೀರು. ಓರೆಯಾದ್ರೆ ಕೆಡುತ್ತೆ. ಅದಕ್ಕೇ ಅಂತ ಅಳತೆಗೆ ಹಲಗೆ ಕುಯ್ಸಿ ತಂದಿದ್ದೆ. ಬೆಳಿಗ್ಗೆ ಯಜಮಾನ್ರೇ ಬಂದು, ಇದು ಬೇಡ, ಅಷ್ಟು ದೂರ ಹೋದ್ರೆ ಉಳಿಯಲ್ಲ, ಇಲ್ಲೇ ಗುಜರಿಯವನಿಗೆ ಕೊಟ್ಟುಬಿಡ್ತೀನಿ ಅಂದ್ರು. ಬೇಡ ಅಂದಮೇಲೆ ನಾನ್ಯಾಕೆ ಬೋಲ್ಟಿಗೆ ಕೈ ಹಾಕಲಿ?"

"ಈ ಮಾತು ಬೇರೆ ಯಾರಿಗಾದ್ರೂ ಗೊತ್ತಾ?"

"ಅವರ ತಮ್ಮನಿಗೆ ಗೊತ್ತು. ಮಿಷನ್ ಯಾವಾಗ ಇಳಿಸ್ತೀರಿ ಅಂತ ಕೇಳಿದ್ರು. ಯಜಮಾನ್ರು ಅಂದಿದ್ದನ್ನೇ ಹೇಳಿದೆ."

ಇನ್ಸ್‌ಪೆಕ್ಟರ್ ನಕ್ಕರು. "ತಮ್ಮನ್ನ ವಿಚಾರಿಸಿದ್ದೀವಿ. ಅಂಥ ಮಾತೇ ಕಿವಿಗೆ ಬಿದ್ದಿಲ್ಲ ಅಂತಾರೆ. ಇವನು ಕಥೆ ಕಟ್ತಿದಾನೆ."

ಯಂತ್ರ ಬಿದ್ದಾಗ ಮೇಸ್ತ್ರಿಯೂ ಆಳುಗಳೂ ಬೀದಿ ಕೊನೆಯ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಅವನ ಏಣಿ, ಸ್ಪ್ಯಾನರು ಅದೇ ಕೋಣೆಯಲ್ಲಿ ಸಿಕ್ಕಿದ್ದು ಅವನಿಗೆ ಮುಳುವಾಗಿತ್ತು.

ಇನ್ಸ್‌ಪೆಕ್ಟರ್ ಜೊತೆ ಯಜಮಾನರ ಮನೆಗೆ ಹೋದೆವು. ಎದುರು ಲಾರಿ ಅರ್ಧ ತುಂಬಿ ನಿಂತಿತ್ತು. ಭಾವ ಹತ್ತಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನೋಡಿದರು. ನಾನೂ ನೋಡಿದೆ. ತಳದಲ್ಲಿ ಪೆನ್ಸಿಲ್ ಗುರುತಿನ ಹೊಸ ಹಲಗೆಗಳನ್ನು ಹಾಸಿದ್ದರು. ಅವುಗಳ ಮೇಲೆ ಕಬ್ಬಿಣದ ಬೀರು, ಅದಕ್ಕೆ ಒತ್ತಿ ಮಂಚಗಳು, ಪುಸ್ತಕದ ಪೆಟ್ಟಿಗೆಗಳು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸಿನಿಮಾ ಕೋಣೆಯ ಕಿಟಕಿಗಳಿಗೆ ಕಪ್ಪು ಪರದೆ, ಎದುರು ಗೋಡೆಗೆ ಬಿಳಿ ತೆರೆ, ಅದರ ಕೆಳಗೆ ಸಿನಿಮಾ ಓಡಿಸುವ ಬೇರೆ ಪ್ಲೇಯರು, ಸ್ಪೀಕರು, ಹಿತ್ತಲ ಕಡೆಗೊಂದು ಬಾಗಿಲು. ಆರಾಮಕುರ್ಚಿ ಚೂರಾಗಿತ್ತು. ಪಕ್ಕದಲ್ಲಿ ಪ್ರೊಜೆಕ್ಟರ್ ಬಿದ್ದಿತ್ತು. ಒಬ್ಬರಿಂದ ಅಲುಗಿಸಲಾಗದ ಕಪ್ಪು ಪೆಟ್ಟಿಗೆ. ಮುಂಭಾಗದಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದರಂತೆ ಸಾಲಾಗಿ ಮೂರು ದಪ್ಪ ಲೆನ್ಸು, ಮೂರಕ್ಕೂ ತಿರುಗಿಸಿ ಕೂರಿಸುವ ಮುಚ್ಚಳ. ನೆಲದ ರಕ್ತದ ಕಲೆ ತುಳಿಯದಂತೆ ಸುತ್ತು ಹಾಕಿ ನಿಂತೆ.

ಯಜಮಾನರ ಮಗಳು ನರ್ಸ್. ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಅಪ್ಪನನ್ನೂ ಚಿಕ್ಕಪ್ಪನನ್ನೂ ಕರೆದುಕೊಂಡು ಹೊರಟಿದ್ದಳು. ಅತ್ತು ಅತ್ತು ಅವಳ ದನಿ ಹೋಗಿತ್ತು.

"ಕೊನೇ ಸಲ ಒಂದು ಸಿನಿಮಾ ನೋಡಿಬಿಡ್ತೀನಿ ಅಂತ ಅಪ್ಪ ಇಲ್ಲಿ ಬಂದು ಕೂತ್ರು. ನಾನು ಅಡುಗೆಮನೇಲಿ ಪಾತ್ರೆ ಸುತ್ತಿಡ್ತಿದ್ದೆ. ಸಿನಿಮಾದ ಮಾತು, ಹಾಡು ಎಲ್ಲಾ ಕೇಳಿಸ್ತಿತ್ತು. ಹಾಡಿನ ಮಧ್ಯೆ ದಡಾರ್ ಅಂತು. ಓಡಿ ಬಂದ್ರೆ ಅಪ್ಪ ಅದರಡಿ ಇದ್ರು. ಸ್ಪೀಕರಲ್ಲಿ ಹಾಡು ನಡೀತಾನೇ ಇತ್ತು."

"ಆಗ ಈ ಮುಚ್ಚಳಗಳು?"

"ಹೀಗೇ ಇದ್ವು."

"ಪ್ಯಾಕಿಂಗಿಗೆ ಅಂತ ಮೇಸ್ತ್ರಿ ಹಾಕಿರಬೇಕು ಬಿಡಿ," ಎಂದರು ಇನ್ಸ್‌ಪೆಕ್ಟರ್.

ಚಿಕ್ಕಪ್ಪ ಮೂಲೆಯಲ್ಲಿ ನಿಂತಿದ್ದರು. ಮದುವೆಯಾಗದೆ ಅಣ್ಣನ ಮನೆಯಲ್ಲೇ ಬದುಕಿದವರು. ಈ ಯಂತ್ರದ ಆರೈಕೆಯೆಲ್ಲ ಅವರದೇ. "ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೀತಿದ್ದೆ. ಸದ್ದು ಕೇಳಿ ಬಂದೆ," ಎಂದರು. ಅಣ್ಣನೂ ಹೋದ, ಯಂತ್ರವೂ ಹೋಯಿತು, ಪಾಪ ಎಂದುಕೊಂಡೆ.

ಭಾವ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದು ಎಲ್ಲಿತ್ತೆಂದು ನೋಡಿಕೊಂಡರು. ಒಳಬದಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಚುಕ್ಕೆ ಇತ್ತು. ಮೂರನ್ನೂ ಮಗಳ ಕೈಗಿಟ್ಟು, "ಮತ್ತೆ ಹಾಕಮ್ಮ," ಎಂದರು. ಆಕೆ ಕೈಗೆ ಬಂದದ್ದನ್ನು ಹಾಕಹೋದಳು.

"ಅಲ್ಲಲ್ಲ!" ಚಿಕ್ಕಪ್ಪ ಮುನ್ನುಗ್ಗಿ ಕಸಿದುಕೊಂಡರು. "ಕೆಂಪಿನದನ್ನ ಹಸಿರಿಗೆ ಹಾಕ್ತಾರಾ? ಒಂದರ ಧೂಳು ಇನ್ನೊಂದಕ್ಕೆ ಹತ್ತಲ್ವಾ?" ಒಂದೊಂದನ್ನೂ ಊದಿ, ಒರೆಸಿ, ಅದರದರ ಜಾಗಕ್ಕೆ ಕೂರಿಸಿದರು. ಕೆಲಸಕ್ಕೆ ಬಾರದಂತೆ ಮುರಿದ ಯಂತ್ರಕ್ಕೆ ಇಷ್ಟು ಉಪಚಾರ! ನನ್ನ ಕಣ್ಣು ಒದ್ದೆಯಾಯಿತು.

ಸಂಜೆ ಭಾವ ಎಲ್ಲರನ್ನೂ ಆ ಕೋಣೆಗೇ ಕರೆಸಿದರು. ಮೇಸ್ತ್ರಿಯನ್ನು ಇಬ್ಬರು ಪೇದೆಗಳು ಹಿಡಿದುತಂದರು. ಅವನ ಹೆಂಡತಿ ಬಾಗಿಲಲ್ಲೇ ನಿಂತಳು.

"ಮೊದಲು ಲಾರಿ ವಿಷಯ," ಎಂದರು ಭಾವ. "ಪ್ರೊಜೆಕ್ಟರ್ ಪೆಟ್ಟಿಗೆಗೆ ಕುಯ್ಸಿದ ಹಲಗೆ ತಳದಲ್ಲಿದೆ, ಅದರ ಮೇಲೆ ಬೀರು ಕೂತಿದೆ. ಮಧ್ಯಾಹ್ನ ಪೆಟ್ಟಿಗೆ ಮಾಡಬೇಕು ಅನ್ನೋನು ಆ ಹಲಗೇನ ಬೀರುವಿನಡಿ ಹಾಸ್ತಾನಾ? ಇದು ಹೊರಡಲ್ಲ ಅಂತ ಅವನಿಗೆ ಬೆಳಿಗ್ಗೇನೇ ಗೊತ್ತಿತ್ತು. ಅಂದ್ರೆ ಅವನು ಹೇಳಿದ್ದು ನಿಜ. ಬೋಲ್ಟು ಮುಟ್ಟೋಕೆ ಅವನಿಗೆ ಕಾರಣವೇ ಇರಲಿಲ್ಲ."

"ಹಾಗಾದ್ರೆ ತಾನಾಗೇ ಬಿತ್ತಾ?" ಎಂದರು ಇನ್ಸ್‌ಪೆಕ್ಟರ್.

"ಮುಚ್ಚಳ ಹಾಕಿದ್ರೆ ತೆರೆ ಮೇಲೆ ಬರೀ ಕತ್ತಲೆ. ಮೇಸ್ತ್ರಿ ಊಟಕ್ಕೆ ಮೊದಲೇ ಹಾಕಿದ್ರೆ ಯಜಮಾನ್ರು ತೆಗೆದೇ ಸಿನಿಮಾ ನೋಡಬೇಕಿತ್ತು. ಆದ್ರೆ ಬೀಳೋವಾಗ ಮುಚ್ಚಳವೂ ಇತ್ತು, ಹಾಡೂ ಇತ್ತು. ತೆರೆ ಕತ್ತಲಾದ್ರೂ ಎದ್ದಿಲ್ಲ ಅಂದ್ರೆ ಯಜಮಾನ್ರು ಕುರ್ಚೀಲಿ ನಿದ್ದೆ ಹೋಗಿದ್ರು. ಯಾರೋ ಹಿತ್ತಲ ಬಾಗಿಲಿಂದ ಬಂದು, ಮಿಷನ್ ಆರಿಸಿ, ಮುಚ್ಚಳ ಹಾಕಿ, ಅಡುಗೆಮನೆಗೆ ಕೇಳಲಿ ಅಂತ ಹಾಡನ್ನ ಮಾತ್ರ ಹಾಗೇ ಬಿಟ್ಟು ಏಣಿ ಹತ್ತಿದ್ರು. ಆಗ ಮನೇಲಿದ್ದೋರು ಇಬ್ಬರೇ."

ಭಾವ ಚಿಕ್ಕಪ್ಪನ ಕಡೆ ತಿರುಗಿದರು.

"ಯಾವ ಮುಚ್ಚಳ ಎಲ್ಲಿಗೆ ಅಂತ ಈ ಹುಡುಗಿಗೆ ಗೊತ್ತಿಲ್ಲ. ನಾನು ಬಿಚ್ಚೋವಾಗ ಮೂರೂ ಎಲ್ಲೆಲ್ಲಿದ್ವೋ, ನೀವು ಸರಿಯಾಗಿ ಅಲ್ಲಲ್ಲೇ ಕೂರಿಸಿದ್ರಿ ಸ್ವಾಮಿ. ಇಷ್ಟೇ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆ. ಗುಜರಿ ವಿಷಯ ಮೇಸ್ತ್ರಿ ನಿಮಗೆ ಹೇಳಿದ್ದ. ಕೇಳೇ ಇಲ್ಲ ಅಂತ ಯಾಕೆ ಸುಳ್ಳು ಹೇಳಿದ್ರಿ?"

ನನಗೆ ತಡೆಯಲಾಗಲಿಲ್ಲ. "ಅಷ್ಟು ಜೋಪಾನ ಮಾಡೋರು ಅದನ್ನೇ ಬೀಳಿಸ್ತಾರಾ ಭಾವ?"

ಉತ್ತರ ಮೂಲೆಯಿಂದ ಬಂತು. "ಗುಜರಿಯವನು ಸುತ್ತಿಗೇಲಿ ಒಡೀತಾನೆ," ಎಂದರು ಚಿಕ್ಕಪ್ಪ. "ತಾಮ್ರಕ್ಕೋಸ್ಕರ ಕರುಳು ಬಗೆದ ಹಾಗೆ ತಂತಿ ಕೀಳ್ತಾನೆ. ಮೂರು ಬಣ್ಣ ಸೇರಿ ಒಂದು ಮುಖ ಆಗೋ ಹಾಗೆ ಹೊಂದಿಸೋದ್ರಲ್ಲೇ ನನ್ನ ಆಯಸ್ಸು ಸವೆದಿದೆ. ಅಣ್ಣ ನನ್ನನ್ನ ಒಂದು ಮಾತು ಕೇಳಲಿಲ್ಲ. ಈ ಮಿಷನ್ ಹೋಗೋದಾದ್ರೆ ಅವನನ್ನೂ ಕರ್ಕೊಂಡೇ ಹೋಗಲಿ ಅನ್ನಿಸ್ತು. ಮುಚ್ಚಳ ಹಾಕಿದ್ದು ನನಗೇ ಗೊತ್ತಾಗಲಿಲ್ಲ. ಆರಿಸಿದ ಮೇಲೆ ಕೈ ತಾನಾಗೇ ಹೋಗುತ್ತೆ."

ಮಗಳು ಅವರ ಎದುರಿಗೆ ಹೋಗಿ ನಿಂತಳು. "ಚಿಕ್ಕಪ್ಪಾ, ಗಾಜಿಗೆ ಧೂಳು ಕೂರಬಾರದು ಅಂತ ಕೈ ಹೋಯ್ತು. ಅಪ್ಪನ್ನ ಎಬ್ಬಿಸೋಕೆ ಹೋಗಲಿಲ್ವಾ?"

ಅವರು ನಿಜವಾಗಿಯೂ ಸ್ವಲ್ಪ ಹೊತ್ತು ಯೋಚಿಸಿದರು. "ಎಬ್ಬಿಸಿದ್ರೆ ಮತ್ತೆ ಗುಜರಿ ಅಂತಲೇ ಅಂತಿದ್ದ ಕಣಮ್ಮ."

ಪೇದೆಗಳು ಚಿಕ್ಕಪ್ಪನನ್ನು ಕರೆದುಕೊಂಡು ಹೋದರು. ಮೇಸ್ತ್ರಿಯನ್ನು ಅಲ್ಲೇ ಬಿಟ್ಟರು. ಹೆಂಡತಿ ಓಡಿಬಂದು ಅವನ ಎರಡೂ ಕೈ ಹಿಡಿದು ಗಟ್ಟಿಯಾಗಿ ಅತ್ತಳು. ಅವನು ಅಳಲಿಲ್ಲ. ಭಾವನ ಕಡೆ ತಿರುಗಿ, "ಸಾರ್, ಗುಜರಿ ವಿಷಯ ಅವರಿಗೆ ಹೇಳಿದ್ದು ನಾನು. ಬಾಯಿ ಮುಚ್ಕೊಂಡಿದ್ರೆ ಯಜಮಾನ್ರು ಉಳೀತಿದ್ರಾ?" ಎಂದ.

ಎಲ್ಲದಕ್ಕೂ ವಿವರಣೆ ಕೊಡುವ ಭಾವ ಬಾಗಿಲ ಬಳಿ ಹೋಗಿ ಚಪ್ಪಲಿ ಹುಡುಕತೊಡಗಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಸಮಾಧಾನಕ್ಕೆ ಒಂದು ಸುಳ್ಳನ್ನಾದರೂ ಹೇಳಬಾರದಿತ್ತೆ?

ಮಾತಾಡಿದವಳು ಮಗಳೇ. "ನೀವು ಹೇಳದಿದ್ರೆ ಗುಜರಿಯವನು ಬಂದಾಗ ಚಿಕ್ಕಪ್ಪನಿಗೆ ಗೊತ್ತಾಗೇ ಆಗ್ತಿತ್ತು. ನಿಮ್ಮ ತಪ್ಪಿಲ್ಲ, ಇವತ್ತು ಮನೆಗೆ ಹೋಗಿ," ಎಂದಳು. "ನಾಳೆ ಬಂದು ಲಾರಿಯಿಂದ ಎಲ್ಲಾ ಇಳಿಸಿಬಿಡಿ. ನನ್ನ ಮಂಚ ಒಂದೇ ಹೋದ್ರೆ ಸಾಕು."